ಇಂಜೆಕ್ಷನ್ ಚುಚ್ಚೋಕೆ ನಾಲ್ಕು ವರ್ಷ ಬೇಕಾ?

ಮದುವೆ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಸಿಕ್ಕಿದರೆ ‘ಯಾವ ಬ್ರಾಂಚಪ್ಪಾ?’ ಅಂತ ಕೇಳಿ ಬಿಟ್ಟುಬಿಡುತ್ತಾರೆ. ಸಿಎ ಕಟ್ಟಿದವನಿಗೆ ‘ಇದು ಎಷ್ಟನೇ ಸಲ?’ ಅಂತ ಕೇಳಿ, ಉತ್ತರಕ್ಕೂ ಕಾಯದೆ ಊಟದ ಹಾಲಿನ ಕಡೆ ನಡೆಯುತ್ತಾರೆ. ಬಿ.ಎಸ್ಸಿ. ನರ್ಸಿಂಗ್ ಓದುವ ಹುಡುಗಿ ಕಣ್ಣಿಗೆ ಬಿದ್ದರೆ ಮಾತ್ರ ಪ್ರಶ್ನೆಯೇ ಇಲ್ಲ. ಸೀದಾ ಶರಟಿನ ತೋಳು ಮಡಿಸಿ ಕೈ ಚಾಚುತ್ತಾರೆ. ‘ಒಂಚೂರು ಬಿಪಿ ನೋಡಿಬಿಡಮ್ಮ.’

ನನ್ನ ಅಕ್ಕನ ಮಗಳು ಇಂಥ ಕೈಗಳ ನಡುವೆಯೇ ಡಿಗ್ರಿ ಮುಗಿಸಿದ್ದಾಳೆ. ಓದಿದ್ದು ಬೆಂಗಳೂರಿನ ಒಂದು ಕಾಲೇಜಿನಲ್ಲಿ, ಇದ್ದದ್ದು ನಮ್ಮ ಮನೆಯಲ್ಲಿ. ಹಾಗಾಗಿ ಅವಳ ಸಿಲಬಸ್ಸಿನ ಅರ್ಧ ಭಾಗ ನಮ್ಮ ಮೈಮೇಲೆಯೇ ನಡೆದಿದೆ. ಈಚೆಗೆ ಒಂದು ಛತ್ರದಲ್ಲಿ ದೂರದ ದೊಡ್ಡಪ್ಪನೊಬ್ಬರು ಹೋಳಿಗೆಗೆ ತುಪ್ಪ ಸುರಿಸಿಕೊಂಡು ಉಂಡು, ಮೇಲೊಂದು ಕಾಫಿ ಕುಡಿದು, ಕಾಲ ಮೇಲೆ ಕಾಲು ಹಾಕಿ, ಪಕ್ಕದವರ ಜೊತೆ ಸೈಟಿನ ವ್ಯಾಜ್ಯ ಮಾತಾಡುತ್ತಲೇ ಅವಳ ಮುಂದೆ ಕೈ ನೀಡಿದರು. ಯಾರದ್ದೋ ಬ್ಯಾಗಿನಿಂದ ಯಂತ್ರವೂ ಹೊರಬಂತು. ಈಗೀಗ ಮುಯ್ಯಿ ಕವರು ಮರೆತು ಬರುವವರುಂಟು, ಬಿಪಿ ಯಂತ್ರ ಮರೆಯುವವರಿಲ್ಲ. ಇವಳು ಪಟ್ಟಿ ಕಟ್ಟಲಿಲ್ಲ. ‘ದೊಡ್ಡಪ್ಪ, ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಬೆನ್ನಿಗೆ ಆಸರೆ ಇರಬೇಕು. ಎರಡೂ ಪಾದ ನೆಲದ ಮೇಲಿರಬೇಕು. ಐದು ನಿಮಿಷ ಮಾತಾಡದೆ ಕೂತಿರಬೇಕು. ಆಮೇಲೆ ನೋಡ್ತೀನಿ’ ಅಂದಳು. ಮೊದಲ ಮೂರಕ್ಕೆ ದೊಡ್ಡಪ್ಪ ಹೇಗೋ ಒಪ್ಪಿದರು. ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂರುವುದು ಮಾತ್ರ ಅವರ ವಂಶದಲ್ಲೇ ಯಾರ ಕೈಲೂ ಆಗದ ಕೆಲಸ. ಆ ಸಿಟ್ಟಿಗೇ ಕೇಳಿದ್ದು: ‘ಅಲ್ಲಮ್ಮಾ, ಒಂದು ಇಂಜೆಕ್ಷನ್ ಚುಚ್ಚೋಕೆ ನಾಲ್ಕು ವರ್ಷ ಓದಬೇಕಾ?’

ಸ್ವತಃ ಅವರು ಮೂರು ವರ್ಷದ ಬಿ.ಕಾಂ.ಗೆ ಆರು ವರ್ಷ ತೆಗೆದುಕೊಂಡವರು. ಅದಿರಲಿ. ಪ್ರಶ್ನೆ ಅವರೊಬ್ಬರದ್ದಲ್ಲ, ಊರಿನದ್ದು. ಆದ್ದರಿಂದ ಮೊದಲು ಸೂಜಿಯ ಲೆಕ್ಕವನ್ನೇ ಚುಕ್ತಾ ಮಾಡೋಣ.

ಚರ್ಮದ ಪದರದೊಳಗೇ ಔಷಧಿ ನಿಲ್ಲಬೇಕಾದರೆ ಸೂಜಿ ಸುಮಾರು 15 ಡಿಗ್ರಿ ಓರೆ. ಚರ್ಮದ ಕೆಳಗಿನ ಕೊಬ್ಬಿಗೆ ಸಾಮಾನ್ಯವಾಗಿ 45. ಮಾಂಸಖಂಡಕ್ಕೆ ನೆಟ್ಟಗೆ 90. ನಾವು ಮರ್ಯಾದೆಗೆ ‘ಸೊಂಟ’ ಅಂತ ಕರೆಯುವ ಜಾಗವನ್ನು ಅವರು ಮನಸ್ಸಿನಲ್ಲೇ ಎರಡು ಗೆರೆ ಎಳೆದು ನಾಲ್ಕು ಭಾಗ ಮಾಡಿ, ಮೇಲಿನ ಹೊರಮೂಲೆಯನ್ನು ಮಾತ್ರ ಆರಿಸುತ್ತಾರೆ. ಉಳಿದ ಕಡೆ ಕಾಲಿಗಿಳಿಯುವ ದೊಡ್ಡ ನರ ಹಾದುಹೋಗಿದೆ, ಅದಕ್ಕೆ ಸೂಜಿ ತಾಗಿದರೆ ಕಾಲೇ ಜೋಲು ಬೀಳಬಹುದು. ನಾವು ನಾಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿರುವಾಗ ಹಿಂದೆ ಇಷ್ಟೊಂದು ಸರ್ವೆ ಕೆಲಸ ನಡೆದಿರುತ್ತದೆ.

ಚುಚ್ಚುವ ಮೊದಲು ಇನ್ನೊಂದು ಮಂತ್ರವಿದೆ: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಔಷಧಿಯ ಚೀಟಿಯನ್ನು ಮೂರು ಸಲ ಓದಬೇಕು: ಎತ್ತಿಕೊಳ್ಳುವಾಗ, ಸಿರಿಂಜಿಗೆ ಎಳೆಯುವಾಗ, ಬಾಟಲಿ ವಾಪಸು ಇಡುವಾಗ. ಇದರಲ್ಲಿ ಕಷ್ಟದ್ದು ಔಷಧಿಯಲ್ಲ, ರೋಗಿ. ನಮ್ಮ ನಾಡಿನ ಜನರಲ್ ವಾರ್ಡೊಂದರಲ್ಲಿ ಮೂವರು ಮಂಜುನಾಥ ಇರುವುದು ಸಾಮಾನ್ಯ. ಅವರಲ್ಲಿ ಇಬ್ಬರ ಅಪ್ಪಂದಿರು ರಾಮಪ್ಪ ಆಗಿರುವುದೂ ಅಪರೂಪವಲ್ಲ. ಅದಕ್ಕೇ ‘ನೀವು ಮಂಜುನಾಥ ಅಲ್ವಾ?’ ಅಂತ ಕೇಳಕೂಡದು ಎಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಜ್ವರದ ಮಂಪರಿನಲ್ಲಿರುವವನು ‘ಹೌದು’ ಅಂದುಬಿಡುತ್ತಾನೆ. ‘ನಿಮ್ಮ ಹೆಸರು ಹೇಳಿ’ ಅಂತಲೇ ಕೇಳಬೇಕು, ಮಣಿಕಟ್ಟಿನ ಪಟ್ಟಿಯ ನಂಬರು ನೋಡಬೇಕು. ‘ಬೆಳಗ್ಗೆಯಿಂದ ನಾಲ್ಕು ಸಲ ಹೇಳಿದೀನಿ, ಇವಕ್ಕೆ ನೆನಪೇ ನಿಲ್ಲಲ್ಲ’ ಅಂತ ಬೈದುಕೊಳ್ಳುವ ಮಂಜುನಾಥನಿಗೆ, ಪಕ್ಕದ ಹಾಸಿಗೆಯವನ ಇನ್ಸುಲಿನ್ ತನಗೆ ಬೀಳದೆ ಉಳಿದದ್ದು ಈ ಮರೆಗುಳಿತನದಿಂದಲೇ ಅಂತ ಗೊತ್ತಾಗುವುದೇ ಇಲ್ಲ.

ಇದಕ್ಕೆಲ್ಲ ಸೇರುವ ಬಾಗಿಲು ಎಲ್ಲರಿಗೂ ಗೊತ್ತಿರುವಂಥದ್ದೇ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಆಮೇಲೆ ಸಿಇಟಿ. ಡಿಗ್ರಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಏನು ಓದಬೇಕೆಂದು ನಿರ್ಧರಿಸುವುದು ದಿಲ್ಲಿಯ ಭಾರತೀಯ ನರ್ಸಿಂಗ್ ಪರಿಷತ್ತು. 2021ರಲ್ಲಿ ಪ್ರಕಟವಾದ ಅದರ ಹೊಸ ನಿಯಮಾವಳಿಯಿಂದಾಗಿ ವರ್ಷದ ಲೆಕ್ಕ ಹೋಗಿ ಎಂಟು ಸೆಮಿಸ್ಟರಿನ ಲೆಕ್ಕ ಬಂತು. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಆಹಾರಶಾಸ್ತ್ರ, ಸೂಕ್ಷ್ಮಜೀವಿ, ರೋಗಶಾಸ್ತ್ರ, ಔಷಧಶಾಸ್ತ್ರ ಇವೆಲ್ಲ ಸರಿ, ಊಹಿಸಬಹುದು. ಅವುಗಳ ಪಕ್ಕದಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ನೀತಿಶಾಸ್ತ್ರ, ಸಂಖ್ಯಾಶಾಸ್ತ್ರ, ಆಡಳಿತ, ಕಂಪ್ಯೂಟರು, ಪಾಠ ಮಾಡುವ ವಿದ್ಯೆ, ಅಪರಾಧ ಪ್ರಕರಣಗಳ ಸಾಕ್ಷ್ಯ ಕಾಪಾಡುವ ವಿಧಾನ ಮತ್ತು ಭಾರತದ ಕಾನೂನು! ಪಟ್ಟಿ ನೋಡಿದ ನನ್ನ ಹೆಂಡತಿ ‘ಇದರಲ್ಲಿ ಅಡುಗೆ ಒಂದು ಬಿಟ್ಟುಹೋಗಿದೆ’ ಅಂದಳು. ಇಲ್ಲ, ಅದೂ ಇತ್ತು. ಆಹಾರಶಾಸ್ತ್ರದ ಪ್ರಾಕ್ಟಿಕಲ್ಲಿಗೆ ಇವಳು ಉಪ್ಪಿಲ್ಲದ ಗಂಜಿ ಮಾಡಿ ತಂದು ನಮಗೆಲ್ಲ ರುಚಿ ತೋರಿಸಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಸಾರಿಗೆ ಉಪ್ಪು ಕಮ್ಮಿ ಅಂತ ಗೊಣಗಿಲ್ಲ.

ಮೊದಲ ಸೆಮಿಸ್ಟರಿನ ಹೀರೋ ಅಂದರೆ ಹಾಸಿಗೆ. ಹೌದು, ಹಾಸಿಗೆ ಹಾಸುವುದು. ರೋಗಿ ಇಲ್ಲದ ಹಾಸಿಗೆ, ರೋಗಿ ಬರಲಿರುವ ಹಾಸಿಗೆ, ರೋಗಿ ಮಲಗಿರುವಾಗಲೇ ಅವನನ್ನು ಇಳಿಸದೆ ಹಾಸುವ ಹಾಸಿಗೆ, ಆಪರೇಷನ್ ಥಿಯೇಟರಿನಿಂದ ಬರುವವನಿಗೆ ಅಣಿ ಮಾಡುವ ಹಾಸಿಗೆ ಅಂತ ಜಾತಿಗಳು. ದುಪ್ಪಟಿಯ ಮೂಲೆಯನ್ನು 45 ಡಿಗ್ರಿಗೆ ಮಡಿಸಿ ಸಿಕ್ಕಿಸಬೇಕು. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆಗೆ ಹೋಗಬೇಕು. ದಿಂಬಿನ ಚೀಲದ ಬಾಯಿ ಬಾಗಿಲ ಕಡೆ ಇರಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ದುಪ್ಪಟಿಯನ್ನು ಕೊಡವಕೂಡದು. ಕೊಡವಿದರೆ ಅದರಲ್ಲಿದ್ದ ಕ್ರಿಮಿಗಳೆಲ್ಲ ಗಾಳಿಗೆ ಹಾರಿ ಪಕ್ಕದ ಹಾಸಿಗೆಗೆ ಹೋಗಿ ಕೂರುತ್ತವೆ. ನಮ್ಮ ಮನೆಯ ಅಜ್ಜಿ, ಅಂದರೆ ನನ್ನ ಅತ್ತೆಯವರು, ಎಂಬತ್ತು ವರ್ಷದಿಂದ ಬೆಳಗಾಗೆದ್ದು ಹೊದಿಕೆ ಕೊಡವಿದವರು. ಪಟಪಟ ಸದ್ದಾಗದಿದ್ದರೆ ಅವರಿಗೆ ಬೆಳಗಾದಂತೆಯೇ ಅಲ್ಲ. ಆ ವಿಷಯದಲ್ಲಿ ಸಿಲಬಸ್ಸು ಸೋತಿತು.

ದುಪ್ಪಟಿ ಯಾಕೆ ಅಷ್ಟು ಬಿಗಿಯಾಗಿರಬೇಕು ಅಂತ ನಾನೂ ಕೇಳಿದೆ. ತಾನಾಗಿ ಹೊರಳಲಾಗದವರ ಮೈಕೆಳಗೆ ಒಂದು ಸುಕ್ಕು ಉಳಿದರೂ ಸಾಕಂತೆ. ಬೆನ್ನ ಬುಡ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಹೀಗೆ ಎಲುಬು ಚರ್ಮಕ್ಕೆ ಹತ್ತಿರ ಇರುವ ಕಡೆಗಳಲ್ಲಿ ರಕ್ತ ಓಡಾಡದೆ ಹಾಸಿಗೆಹುಣ್ಣು ಶುರುವಾಗುತ್ತದೆ. ಅದಕ್ಕೇ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಎರಡಾದರೂ ಸರಿ, ನಾಲ್ಕಾದರೂ ಸರಿ. ‘ನಿದ್ದೆ ಬರ್ತಿತ್ತು, ಬಂದು ಎಬ್ಬಿಸಿಬಿಟ್ರು’ ಅಂತ ಮರುದಿನ ನೋಡಲು ಬಂದವರ ಹತ್ತಿರ ದೂರು ಹೇಳುತ್ತೇವಲ್ಲ, ಆ ದೂರಿನ ಹಿಂದಿನ ಕಥೆ ಇದು.

ಆದರೆ ಇಡೀ ಕೋರ್ಸಿನಲ್ಲಿ ನನ್ನನ್ನು ದಂಗುಬಡಿಸಿದ್ದು ಹಾಸಿಗೆಯೂ ಅಲ್ಲ, ಸೂಜಿಯೂ ಅಲ್ಲ. ಒಂದು ಸಣ್ಣ ಮೋಸ. ಒಂದು ಭಾನುವಾರ ಇವಳು ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸಿದಳು. ಎಣಿಸಿ ಮುಗಿದ ಮೇಲೂ ಕೈ ಬಿಡಲಿಲ್ಲ. ಇನ್ನೂ ಒಂದು ನಿಮಿಷ ಹಾಗೇ ಹಿಡಿದುಕೊಂಡು ಕೂತಳು. ‘ಏನೇ, ನಾಡಿ ಸಿಗ್ತಿಲ್ವಾ?’ ಅಂದೆ, ಗಾಬರಿಯಿಂದ. ‘ಮಾಮ, ನಾಡಿ ಆಗಲೇ ಆಯ್ತು. ಈಗ ನಿಮ್ಮ ಉಸಿರು ಎಣಿಸಿದೆ. ಹೇಳಿದ್ರೆ ನೀವು ಬೇರೆ ಥರ ಉಸಿರಾಡೋಕೆ ಶುರು ಮಾಡ್ತೀರ’ ಅಂದಳು. ಇದು ಅವಳ ಸ್ವಂತ ಕುತಂತ್ರ ಅಂದುಕೊಂಡರೆ ಅಲ್ಲ, ಪುಸ್ತಕದಲ್ಲೇ ಹೀಗೆ ಮಾಡು ಅಂತ ಬರೆದಿದೆ. ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ನಾಡಿ ನಮ್ಮ ಮಾತು ಕೇಳುವುದಿಲ್ಲ, ಉಸಿರು ಕೇಳುತ್ತದೆ. ನೋಡುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ನಾಟಕ ಶುರು. ಆದ್ದರಿಂದ ಕೈ ಹಿಡಿದುಕೊಂಡೇ, ಎದೆ ಏರಿಳಿಯುವುದನ್ನು ಓರೆಗಣ್ಣಲ್ಲಿ ನೋಡಬೇಕು. ಅಂದರೆ ಆಸ್ಪತ್ರೆಯಲ್ಲಿ ನಾವು ‘ಪಾಪ, ಎಷ್ಟು ಹೊತ್ತು ಕೈ ಹಿಡ್ಕೊಂಡು ಕೂತಿದ್ಲು’ ಅಂತ ಕರಗಿಹೋದ ಕ್ಷಣಗಳೆಲ್ಲ ಲೆಕ್ಕದ ಕ್ಷಣಗಳೇ! ನಾಲ್ಕು ವರ್ಷದಲ್ಲಿ ಇವರಿಗೆ ಕಲಿಸುವುದು ಮಾಡುವುದಕ್ಕಿಂತ ಹೆಚ್ಚಾಗಿ ನೋಡುವುದನ್ನು, ಅದೂ ನಮಗೆ ತಿಳಿಯದ ಹಾಗೆ ನೋಡುವುದನ್ನು ಎಂಬ ಅನುಮಾನ ನನಗೆ ಆವತ್ತೇ ಬಂತು. ಕೇರ್ ಪ್ಲಾನು ಬಂದ ಮೇಲೆ ಅನುಮಾನ ಖಾತ್ರಿಯಾಯಿತು.

ಕೇರ್ ಪ್ಲಾನು ಅಂದರೆ ಅಡ್ಡ ಹಾಳೆಯಲ್ಲಿ ಆರೇಳು ಕಾಲಂ ಎಳೆದು ಬರೆಯುವ ಜಾತಕ. ಕಂಡದ್ದು, ರೋಗಿ ಹೇಳಿದ್ದು, ತೀರ್ಮಾನ, ಗುರಿ, ಮಾಡಬೇಕಾದದ್ದು, ಮಾಡಿದ್ದು, ಫಲ. ಇದರ ತೀರ್ಮಾನದ ಕಾಲಮಿನಲ್ಲಿ ‘ನ್ಯುಮೋನಿಯಾ’ ಅಂತ ಬರೆದರೆ ಮೇಡಂ ಕೆಂಪು ಗೀಟು ಎಳೆಯುತ್ತಾರೆ. ಅದು ಡಾಕ್ಟರ ತೀರ್ಮಾನ. ನರ್ಸಿನ ತೀರ್ಮಾನ ಬೇರೆ: ‘ಶ್ವಾಸಮಾರ್ಗ ಸರಿಯಾಗಿ ತೆರವಾಗುತ್ತಿಲ್ಲ, ಗಟ್ಟಿ ಕಫಕ್ಕೆ ಸಂಬಂಧಿಸಿದ್ದು, ಗೊರಗೊರ ಸದ್ದಿನಿಂದ ತಿಳಿದದ್ದು.’ ಸಮಸ್ಯೆ, ಅದರ ಕಾರಣ, ಅದರ ಸಾಕ್ಷಿ, ಮೂರೂ ಒಂದೇ ವಾಕ್ಯದಲ್ಲಿ ಇರಬೇಕು. ರೋಗಕ್ಕೆ ಹೆಸರಿಡುವುದು ಡಾಕ್ಟರು, ಆ ರೋಗದ ಜೊತೆ ಮನುಷ್ಯ ಹೇಗೆ ದಿನ ದೂಡುತ್ತಿದ್ದಾನೆ ಅಂತ ಬರೆಯುವುದು ಇವರು. ಅಭ್ಯಾಸಕ್ಕೆಂದು ಇವಳು ನನ್ನ ಹೆಂಡತಿಗೆ ಬರೆದ ಕೇರ್ ಪ್ಲಾನು ಫ್ರಿಜ್ಜಿನ ಬಾಗಿಲಿಗೆ ತುಂಬ ದಿನ ಅಂಟಿಕೊಂಡಿತ್ತು. ‘ನಿದ್ರಾಭಂಗ, ಪಕ್ಕದಲ್ಲಿ ಮಲಗುವವರ ಗೊರಕೆಗೆ ಸಂಬಂಧಿಸಿದ್ದು, ಹಗಲು ಆಕಳಿಕೆ ಮತ್ತು ಸಿಡುಕಿನಿಂದ ತಿಳಿದದ್ದು. ಗುರಿ: ರೋಗಿ ಆರು ಗಂಟೆ ನಿದ್ರಿಸುವಳು. ಮಾಡಬೇಕಾದದ್ದು: ಕಾರಣವನ್ನು ಹಾಲಿಗೆ ಸ್ಥಳಾಂತರಿಸುವುದು.’ ಫಲ ಚೆನ್ನಾಗಿತ್ತು ಎಂದು ಕೊನೆಯ ಕಾಲಮಿನಲ್ಲಿ ದಾಖಲಾಗಿದೆ. ಹಾಲಿನ ಸೋಫಾ ಮೇಲೆ ಬಿದ್ದ ಕಾರಣದ ಅಭಿಪ್ರಾಯ ಕೇಳುವ ಕಾಲಂ ಅದರಲ್ಲಿಲ್ಲ.

ಇವಳ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಲಯಾಳದ ಹುಡುಗ ಹುಡುಗಿಯರು. ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೂ ಕೇರಳಕ್ಕೂ ಇರುವ ನಂಟು ಹಳೆಯದು. ಕೊಟ್ಟಾಯಂ ಕಡೆಯ ಒಬ್ಬ ಗೆಳತಿ ಶನಿವಾರ ಸಂಜೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ಊಟ ನೆಪ, ಅವಳಿಗೆ ಬೇಕಿದ್ದದ್ದು ಕನ್ನಡ. ಪಾಠ, ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ವಾರ್ಡಿನಲ್ಲಿ ಮಲಗಿರುವ ಅಜ್ಜಿ ಮಾತ್ರ ಮಾಗಡಿಯವರೋ ಮಧುಗಿರಿಯವರೋ ಆಗಿರುತ್ತಾರೆ. ‘ಎಲ್ಲಿ ನೋವು?’ ಅವಳು ಕಲಿತ ಮೊದಲ ವಾಕ್ಯ. ಪ್ರಶ್ನೆ ಕೇಳುವುದು ಸುಲಭ, ಉತ್ತರ ಬರುವುದು ಹೇಗೆ ನೋಡಿ: ‘ಹಿಂಗೆ ಸೊಂಟದಿಂದ ಛಳುಕ್ ಅಂತ ಎದ್ದು, ಮೀನಖಂಡದ ತಂಕ ಜಗ್ಗಿ, ಆಮ್ಯಾಕೆ ಜೋಮು ಹಿಡಿತೈತೆ ಕಣವ್ವಾ.’ ಇದನ್ನು ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆಪಟ್ಟಿಗೆ ಇಳಿಸಬೇಕು. ‘ಅಜ್ಜೀ, ಹತ್ತರಲ್ಲಿ ಎಷ್ಟು ನೋವು?’ ಅಂದರೆ ‘ತಡೆಯಕ್ಕಾಗಲ್ಲ’ ಅಂತಾರೆ. ‘ನಂಬರ್ ಹೇಳಿ ಅಜ್ಜೀ’ ಅಂದರೆ ಮೊಮ್ಮಗನ ಮೊಬೈಲ್ ನಂಬರು ಹೇಳುತ್ತಾರೆ.

ನಮ್ಮ ಮನೆಯ ವಾತಾವರಣ ನಿಜವಾಗಿ ಕೆಟ್ಟದ್ದು ಐದನೆಯ ಸೆಮಿಸ್ಟರಿನಲ್ಲಿ, ಮಾನಸಿಕ ಆರೋಗ್ಯ ಶುಶ್ರೂಷೆ ಬಂದಾಗ. ನಿಮ್ಹಾನ್ಸಿಗೆ ಹೊರಗಿನ ಕಾಲೇಜುಗಳ ವಿದ್ಯಾರ್ಥಿಗಳೂ ತಂಡ ತಂಡವಾಗಿ ಪೋಸ್ಟಿಂಗಿಗೆ ಹೋಗುತ್ತಾರೆ, ಇವಳೂ ಹೋದಳು. ಅಲ್ಲಿ ಕಲಿಸುವ ಮನಃಸ್ಥಿತಿಯ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗಳು ನೋಡಲು ಸಾಧು. ಇವತ್ತು ಏನು ವಾರ? ಇದು ಯಾವ ಜಾಗ? ನೂರರಿಂದ ಏಳೇಳು ಕಳೆಯುತ್ತ ಹೋಗಿ. ಇದನ್ನು ಮನೆಯಲ್ಲಿ ಎಲ್ಲರ ಮೇಲೂ ಪ್ರಯೋಗಿಸಿದಳು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದ ನನ್ನ ಭಾವ 93, 86 ಅಂತ ಹೊರಟು ಅಲ್ಲೇ ನಿಂತು ಕ್ಯಾಲ್ಕುಲೇಟರ್ ಕೇಳಿದರು. ಅಜ್ಜಿ ಹೂವಿನ ಮಾಲೆ ಕಟ್ಟುತ್ತ, ತಲೆ ಎತ್ತದೆ, 79, 72, 65 ಅಂತ ಎರಡರವರೆಗೂ ಇಳಿದು ‘ಆಮೇಲೆ ಸಾಲ ತರಬೇಕು’ ಅಂದರು.

ಗಾದೆಯ ಅರ್ಥ ಕೇಳುವುದೂ ಆ ಪರೀಕ್ಷೆಯ ಭಾಗ. ಮೇಲ್ಮೈಯ ಅರ್ಥವಷ್ಟೇ ಹೇಳುತ್ತಾರೋ ಒಳಗಿನದ್ದನ್ನೂ ಹಿಡಿಯುತ್ತಾರೋ ನೋಡಬೇಕು. ಕೊಟ್ಟಾಯಂ ಹುಡುಗಿ ನಮ್ಮ ಊಟದ ಮೇಜಿನ ಮೇಲೆ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಬಾಯಿಪಾಠ ಮಾಡಿಕೊಂಡು ಹೋದಳು. ವಾರ್ಡಿನಲ್ಲಿ ಒಬ್ಬರನ್ನು ಕೇಳಿದಳಂತೆ. ಅವರು ಅರ್ಥವನ್ನೂ ಹೇಳಿ, ಅದೇ ಧಾಟಿಯ ಇನ್ನೆರಡು ಗಾದೆಯನ್ನೂ ಹೇಳಿ, ಕೊನೆಗೆ ಅವಳ ಉಚ್ಚಾರಣೆಯನ್ನೂ ತಿದ್ದಿ ಕಳಿಸಿದರಂತೆ. ‘ಯಾರಂತೆ? ಯಾವೂರಂತೆ? ಏನಾಗಿತ್ತಂತೆ?’ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. ಇಬ್ಬರೂ ಹುಡುಗಿಯರು ಏಕಕಾಲಕ್ಕೆ ಉಪ್ಪಿನಕಾಯಿ ಕೇಳಿದರು. ರೋಗಿಯ ಗುಟ್ಟು ಹೊರಗೆ ಬಿಡಕೂಡದೆನ್ನುವುದು ನೀತಿಶಾಸ್ತ್ರದ ಪತ್ರಿಕೆಯಲ್ಲಿ ಬರುತ್ತದೆ. ನಾಲ್ಕು ವರ್ಷ ಸತತವಾಗಿ ಕೆದಕಿದರೂ ಈ ಮನೆಗೆ ಒಂದೇ ಒಂದು ಹೆಸರು ಸಿಕ್ಕಿಲ್ಲ. ಇಷ್ಟು ಗಟ್ಟಿ ಮಾಲು ನಮ್ಮ ವಂಶದಲ್ಲಿ ಇದೇ ಮೊದಲು.

ಇದೇ ಪೋಸ್ಟಿಂಗಿನಲ್ಲಿ ಮಾತುಕತೆಯನ್ನು ಹೇಗಿತ್ತೋ ಹಾಗೇ ಬರೆದು ತರುವ ಕೆಲಸವೊಂದಿದೆ. ರೋಗಿ ಏನಂದರು, ನಾನೇನಂದೆ, ನಾನಂದದ್ದು ಯಾವ ಬಗೆಯ ಮಾತು ಎಂದು ಮೂರು ಕಾಲಂ. ಯಾವ ಬಗೆಯ ಮಾತು ಆಡಕೂಡದು ಎನ್ನುವುದಕ್ಕೆ ಪುಸ್ತಕದಲ್ಲೇ ಪಟ್ಟಿ ಇದೆ: ಸುಳ್ಳು ಭರವಸೆ ಕೊಡುವುದು, ಕೇಳದೆ ಉಪದೇಶ ಮಾಡುವುದು, ‘ಯಾಕೆ ಹಾಗೆ ಮಾಡ್ದೆ?’ ಅಂತ ವಿಚಾರಣೆಗೆ ನಿಲ್ಲಿಸುವುದು, ‘ಇದೇನು ಮಹಾ’ ಅಂತ ತೇಲಿಸುವುದು, ವಿಷಯ ಬದಲಿಸುವುದು, ‘ಎಲ್ಲಾ ಒಳ್ಳೇದಕ್ಕೇ’ ಅಂತ ಸವಕಲು ಮಾತು ಹೇಳುವುದು. ಓದುತ್ತ ಓದುತ್ತ ನನಗೆ ಎದೆ ಧಸಕ್ಕೆಂದಿತು. ಇಷ್ಟನ್ನೂ ತೆಗೆದುಬಿಟ್ಟರೆ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವ ನಮ್ಮ ಜನಕ್ಕೆ ಆಡಲು ಉಳಿಯುವುದೇನು? ಎರಡು ಮೂಸಂಬಿ ಹಿಡಿದು ಬಂದು ಸ್ಟೂಲಿನ ಮೇಲೆ ಕೂತ ಕೂಡಲೇ ‘ಏನೂ ಆಗಲ್ಲ ಬಿಡಿ, ನಮ್ಮ ಷಡ್ಡಕನಿಗೂ ಥೇಟ್ ಇದೇ ಆಗಿತ್ತು’ ಅಂತ ಶುರು ಮಾಡುತ್ತೇವೆ. ‘ಈಗ ಹೇಗಿದ್ದಾರೆ?’ ಅಂತ ಮಲಗಿದವರು ಆಸೆಯಿಂದ ಕೇಳಿದಾಗ, ‘ಅವರು ಹೋಗಿ ಮೂರು ವರ್ಷ ಆಯ್ತಲ್ಲ’ ಅನ್ನುತ್ತೇವೆ. ಈ ಜಾತಿ ಇಂಗ್ಲೆಂಡಿನಲ್ಲೂ ಇತ್ತು ಅನ್ನುವುದೊಂದೇ ಸಮಾಧಾನ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಪುಸ್ತಕ ಬರೆದಾಗ, ರೋಗಿಯ ಮುಂದೆ ಕೂತು ಹುಸಿ ಧೈರ್ಯ, ಪುಕ್ಕಟೆ ಸಲಹೆ ಹಂಚುವವರಿಗಾಗಿಯೇ ಒಂದು ಇಡೀ ಅಧ್ಯಾಯ ಮೀಸಲಿಟ್ಟಿದ್ದಾಳೆ. ದೀಪ ಹಿಡಿದ ಮಹಿಳೆ ಅಂತ ನಾವು ಫೋಟೊ ಹಾಕುತ್ತೇವೆ, ಆ ಅಧ್ಯಾಯವನ್ನು ಯಾವ ಆಸ್ಪತ್ರೆಯೂ ಬಾಗಿಲಿಗೆ ಅಂಟಿಸುವುದಿಲ್ಲ.

ಆಡಬೇಕಾದ ಮಾತಿಗೂ ಪಟ್ಟಿ ಇದೆ. ಸುಮ್ಮನೆ ಪಕ್ಕದಲ್ಲಿ ಕೂರುವುದು ಅದರಲ್ಲೊಂದು. ಅವರಂದದ್ದನ್ನೇ ಅವರಿಗೆ ತಿರುಗಿಸಿ ಹೇಳುವುದು ಇನ್ನೊಂದು. ಇದನ್ನು ಕೇಳಿ ನಾನು ನಕ್ಕಿದ್ದೆ. ಒಂದು ಸಂಜೆ ನನ್ನ ಹೆಂಡತಿ ಎಂದಿನಂತೆ ‘ಈ ಮನೇಲಿ ನನ್ನ ಮಾತು ಯಾರೂ ಕೇಳಲ್ಲ’ ಅಂದಳು. ನಾನು ಅಭ್ಯಾಸಬಲದಿಂದ ಪೇಪರು ಎತ್ತಿ ಮುಖ ಮುಚ್ಚಿಕೊಂಡೆ. ಇವಳು ಮಾತ್ರ ಶಾಂತವಾಗಿ, ‘ಯಾರೂ ನಿಮ್ಮ ಮಾತು ಕೇಳಲ್ಲ ಅಂತ ನಿಮಗೆ ಅನ್ನಿಸ್ತಿದೆ’ ಅಂದಳು. ಅಷ್ಟೇ ಸಾಕಾಯಿತು. ಒಲೆ ಮೇಲಿನ ಹಾಲು ಉಕ್ಕಿ ಸೀದುಹೋಗುವವರೆಗೂ ನನ್ನ ಹೆಂಡತಿ ಮಾತಾಡಿದಳು. ಮದುವೆಯಾದ ವರ್ಷದಿಂದ ಇಲ್ಲಿಯವರೆಗಿನದ್ದೆಲ್ಲ ಬಂತು. ಪೇಪರಿನ ಹಿಂದೆ ಕೂತು ನಾನೂ ಎಷ್ಟೋ ಹೊಸ ಸಂಗತಿ ತಿಳಿದುಕೊಂಡೆ.

ಹೆರಿಗೆ ವಾರ್ಡಿನ ಪಾಠ ಹುಡುಗ ಹುಡುಗಿ ಇಬ್ಬರಿಗೂ ಕಡ್ಡಾಯ. ಇಷ್ಟು ಗರ್ಭಿಣಿಯರ ತಪಾಸಣೆ, ಇಷ್ಟು ಹೆರಿಗೆ, ಇಷ್ಟು ನವಜಾತ ಶಿಶು ಅಂತ ಲಾಗ್‌ಬುಕ್ಕಿನಲ್ಲಿ ಭರ್ತಿಯಾಗಿ ಸಹಿ ಬೀಳಬೇಕು. ಕೂಸುಗಳಿಗೋ ಲಾಗ್‌ಬುಕ್ಕಿನ ಹಂಗಿಲ್ಲ. ಮಲೆನಾಡಿನ ಕೊನೇ ಬಸ್ಸಿಗೆ ಕಾದ ಹಾಗೆ ರಾತ್ರಿಯೆಲ್ಲ ಕಾದು, ಇವರು ಟೀ ಕುಡಿಯಲು ಹೋದ ಹತ್ತು ನಿಮಿಷದಲ್ಲೇ ಎರಡು ಹುಟ್ಟಿಬಿಡುತ್ತವೆ, ಬೇರೆ ಕಾಲೇಜಿನವರ ಲೆಕ್ಕಕ್ಕೆ! ಹೆರಿಗೆಯ ದಿನ ಲೆಕ್ಕ ಹಾಕುವ ಸೂತ್ರ ಜರ್ಮನಿಯ ನೇಗೆಲೆ ಎಂಬ ವೈದ್ಯನ ಹೆಸರಿನಲ್ಲಿದೆ: ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿ. ಅಜ್ಜಿ ಒಪ್ಪಲಿಲ್ಲ. ‘ಒಂಬತ್ತು ತಿಂಗಳು ಒಂಬತ್ತು ದಿನ. ನಾನು ಹೆತ್ತಿದ್ದೀನಿ, ಅವನು ಹೆತ್ತಿದ್ನಾ?’ ಅಂದರು. ಆ ಎರಡು ದಿನದ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.

ಹುಟ್ಟಿದ ಕೂಸಿಗೆ ಒಂದು ನಿಮಿಷಕ್ಕೆ ಮೊದಲ ಪರೀಕ್ಷೆ, ಐದು ನಿಮಿಷಕ್ಕೆ ಎರಡನೆಯದು. ವರ್ಜಿನಿಯಾ ಅಪ್ಗಾರ್ ಎಂಬ ಅಮೆರಿಕದ ಅರಿವಳಿಕೆ ವೈದ್ಯೆ 1952ರಲ್ಲಿ ಇದನ್ನು ರೂಪಿಸಿದ್ದು. ಮೈಬಣ್ಣ, ಎದೆಬಡಿತ, ಕೆಣಕಿದರೆ ಮುಖ ಕಿವಿಚುವುದು, ಕೈಕಾಲಿನ ಬಿಗಿ, ಉಸಿರು ಎಂಬ ಐದು ವಿಷಯ, ತಲಾ ಎರಡು ಅಂಕ. ಮೊದಲ ನಿಮಿಷಕ್ಕೆ ಹತ್ತಕ್ಕೆ ಹತ್ತು ಬರುವ ಕೂಸು ಅಪರೂಪ, ಅಂಗೈ ಅಂಗಾಲು ಇನ್ನೂ ನೀಲಿಯಾಗಿಯೇ ಇರುತ್ತವೆ. ಇದನ್ನು ನಮ್ಮ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ತಿಳಿಸಿ ಹೇಳುವುದು ಕಷ್ಟ. ಎಂಟು ಅಂದರೆ ‘ಉಳಿದೆರಡು ಎಲ್ಲಿ ಹೋಯ್ತು?’ ಅನ್ನುತ್ತಾರೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವವರೂ ಸದ್ಯದಲ್ಲೇ ಬರಬಹುದು.

ಹಳ್ಳಿಯ ಪೋಸ್ಟಿಂಗಿನ ಬಗ್ಗೆ ಬರೆದರೆ ಅದೇ ಒಂದು ಕಾದಂಬರಿಯಾದೀತು. ಆಶಾ ಕಾರ್ಯಕರ್ತೆಯ ಹಿಂದೆ ಮನೆ ಮನೆ ಸುತ್ತುವುದು, ಜಗುಲಿಯ ಮೇಲೆ ಹಳೇ ಪೇಪರು ಹಾಸಿ ಅದರ ಮೇಲೇ ಚೀಲ ಇಡುವುದು, ಕೈ ತೊಳೆದೇ ಚೀಲ ತೆರೆಯುವುದು, ಬೀದಿ ನಾಟಕದಲ್ಲಿ ಸೊಳ್ಳೆಯ ಪಾತ್ರ ಮಾಡುವುದು. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಅಂತ ಇವರು ಭೇದಿಗೆ ಪಾನಕ ಹೇಳಿಕೊಟ್ಟರೆ, ಕೇಳಿದ ಅಮ್ಮಂದಿರು ‘ಗೊತ್ತು ಕೂತ್ಕೊಳಿ’ ಅಂತ ಇವರಿಗೇ ಮಜ್ಜಿಗೆ ಕೊಟ್ಟು ಕಳಿಸುತ್ತಾರಂತೆ.

ಈ ಕೋರ್ಸಿನಲ್ಲಿ ನನಗೆ ಸಹಿಸಲಾಗದ ಸಂಗತಿ ಒಂದಿದೆ: ಚಾರ್ಟು. ಏನು ಪಾಠ ಮಾಡಬೇಕಾದರೂ ಬಣ್ಣದ ಹಾಳೆ, ಸ್ಕೆಚ್ ಪೆನ್ನು, ಥರ್ಮಾಕೋಲು. ಮೂತ್ರಪಿಂಡದ ಮಾದರಿಗೆ ನನ್ನ ಹೊಸ ಟಿವಿಯ ಪೆಟ್ಟಿಗೆಯ ಥರ್ಮಾಕೋಲು ಹೋಯಿತು; ವಾರಂಟಿಗೆ ಪೆಟ್ಟಿಗೆ ಬೇಕು ಅಂದರೂ ಕೇಳಲಿಲ್ಲ. ರಾತ್ರಿ ಒಂದಕ್ಕೆ ಹೃದಯದ ಕವಾಟಕ್ಕೆ ಕೆಂಪು ಬಣ್ಣ ಬಳಿಯುವ ಹೊತ್ತಿನಲ್ಲಿ ಅದೇ ಹೃದಯದ ಬಗ್ಗೆ ನಾಲ್ಕು ಪುಟ ಓದಬಹುದಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸಂಶೋಧನಾ ಪ್ರಾಜೆಕ್ಟಿನದ್ದೂ ಹೆಚ್ಚುಕಡಿಮೆ ಇದೇ ಕಥೆ. ಪ್ರತಿ ವರ್ಷ ಪ್ರತಿ ಕಾಲೇಜಿನಲ್ಲಿ ಹೊರಬರುವ ಶೀರ್ಷಿಕೆ ‘ಎ ಸ್ಟಡಿ ಟು ಅಸೆಸ್ ದಿ ಎಫೆಕ್ಟಿವ್‌ನೆಸ್ ಆಫ್ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ’ ಅಂತಲೇ ಆರಂಭವಾಗುತ್ತದೆ. ಉಳಿದ ಅರ್ಧದಲ್ಲಿ ಊರು, ರೋಗ ಬದಲಾಗುತ್ತವೆ. ಮೊದಲು ಪ್ರಶ್ನೆಪತ್ರಿಕೆ ಕೊಡು, ಪಾಠ ಮಾಡು, ಮತ್ತೆ ಅದೇ ಪ್ರಶ್ನೆಪತ್ರಿಕೆ ಕೊಡು, ಅಂಕ ಹೆಚ್ಚಾಗಿದೆ ಅಂತ ಟಿ-ಟೆಸ್ಟ್ ಹಾಕಿ ತೋರಿಸು. ಅಂಕಿಅಂಶ ಹಿಡಿದುಕೊಂಡು ಸರ್ಕಾರವನ್ನೇ ನಡುಗಿಸಿದವಳು ನೈಟಿಂಗೇಲ್. ಕ್ರಿಮಿಯ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಕೊಳಕಿನ ರೋಗಗಳಿಂದಲೇ ಹೆಚ್ಚು ಸತ್ತರು ಅಂತ ಬಣ್ಣದ ಚಿತ್ರ ಬರೆದು ತೋರಿಸಿದವಳು. ಅವಳೂ ಚಾರ್ಟೇ ಬರೆದದ್ದು ಮಾಮ, ಅನ್ನುತ್ತಾಳೆ ಇವಳು. ಸರಿ, ಆದರೆ ಅವಳು ಯಾರ ಟಿವಿ ಪೆಟ್ಟಿಗೆಯನ್ನೂ ಕತ್ತರಿಸಲಿಲ್ಲ.

ಎಂಟನೆಯ ಸೆಮಿಸ್ಟರು ಪೂರ್ತಿ ಇಂಟರ್ನ್‌ಷಿಪ್. ರಾತ್ರಿ ಪಾಳಿ ಮುಗಿಸಿ ಬಂದು ಶೂ ಬಿಚ್ಚದೆ ಸೋಫಾ ಮೇಲೆ, ಅಂದರೆ ನನ್ನ ಹಾಸಿಗೆಯ ಮೇಲೆ, ನಿದ್ದೆ ಹೋಗುತ್ತಿದ್ದಳು. 500 ಎಂ.ಎಲ್. ಸಲೈನು ಎಂಟು ಗಂಟೆಯಲ್ಲಿ ಹೋಗಬೇಕಾದರೆ, ಎಂ.ಎಲ್.ಗೆ 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ 21 ಹನಿ ಅಂತ ಅವಳು ಒಮ್ಮೆ ನಿದ್ದೆಗಣ್ಣಿನಲ್ಲೇ ಹೇಳಿದ್ದನ್ನು ನಾನು ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿದೆ. ಸರಿಯಾಗಿತ್ತು.

ಈಗ ರಾಜ್ಯದ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿಕೊಂಡು, ಹೆಸರಿನ ಮುಂದೆ ನಾಲ್ಕು ಅಕ್ಷರ ಹಾಕಿಕೊಂಡಿದ್ದಾಳೆ. ರಿಜಿಸ್ಟರ್ಡ್ ನರ್ಸ್, ರಿಜಿಸ್ಟರ್ಡ್ ಮಿಡ್‌ವೈಫ್. ಕ್ಲಾಸಿನ ಹುಡುಗರಿಗೂ ಅದೇ ಅಕ್ಷರಗಳು. ಮೀಸೆ ಬಿಟ್ಟ ಮಿಡ್‌ವೈಫು ಅಂತ ಪರಸ್ಪರ ರೇಗಿಸಿಕೊಳ್ಳುತ್ತಾರೆ. ಇಲ್ಲಿ ಕೊಡುವ ಸಂಬಳ ಕೇಳಿ ಅರ್ಧ ಕ್ಲಾಸು ಹೊರದೇಶದ ಪರೀಕ್ಷೆಗೆ ಕೂತಿದೆ. ಅಮೆರಿಕಕ್ಕೆ ಹೋಗುವವರಿಗೊಂದು ಪರೀಕ್ಷೆ, ಕೊಲ್ಲಿಗೆ ಇನ್ನೊಂದು, ಬ್ರಿಟನ್ನಿಗೆ ಇಂಗ್ಲಿಷಿನದ್ದು ಮತ್ತೊಂದು. ಇವಳೂ ಕೊಟ್ಟಾಯಂ ಹುಡುಗಿಯೂ ಹಿಡಿದದ್ದು ಜರ್ಮನಿಯ ದಾರಿ, ಅದಕ್ಕೆ ಬಿ2 ಮಟ್ಟದ ಜರ್ಮನ್ ಬೇಕು. ಕನ್ನಡದಷ್ಟು ಕಷ್ಟ ಇಲ್ಲ, ಜೋಮು, ಛಳುಕು ಎಲ್ಲ ಇರಲಾರದು ಅಂತ ಕೊಟ್ಟಾಯಂ ಹುಡುಗಿಯ ನಂಬಿಕೆ. ಇಬ್ಬರೂ ಶನಿವಾರ ನಮ್ಮ ಹಾಲಿನಲ್ಲೇ ಕೂತು ಒಬ್ಬಳು ನರ್ಸು, ಒಬ್ಬಳು ರೋಗಿಯಾಗಿ ಅಭ್ಯಾಸ ಮಾಡುತ್ತಾರೆ. ಮೊನ್ನೆ ಇವಳು ನರ್ಸಾಗಿದ್ದಳು. ‘ವೋ ಟೂಟ್ ಎಸ್ ವೇ?’ ಅಂತ ಕೇಳಿದಳು. ರೋಗಿ ಉತ್ತರ ಹುಡುಕುತ್ತ ಪುಸ್ತಕದ ಹಾಳೆ ತಿರುವುತ್ತಿರುವಾಗಲೇ, ಮೂಲೆಯಲ್ಲಿ ಹೂವು ಕಟ್ಟುತ್ತಿದ್ದ ಅಜ್ಜಿ ಅಂದರು: ‘ಎಡ ಮಂಡಿ. ನಿನ್ನೆಯಿಂದ ಬಲಗಡೆದೂ ಶುರುವಾಗಿದೆ.’